ಕೊಲಂಬಿಯಾದ ಪೇಟಿ, ಗದಗಿನ ಕಿವಿ

ಹರ್ನ್‌ಡನ್‌ನ ಅಪಾರ್ಟ್‌ಮೆಂಟುಗಳಿನ್ನೂ ಕಣ್ಣು ಬಿಟ್ಟಿಲ್ಲ. ಪಕ್ಕದ ಡಲ್ಲಸ್ ವಿಮಾನ ನಿಲ್ದಾಣದಿಂದ ಎದ್ದ ಮೊದಲ ವಿಮಾನ ತಲೆಯ ಮೇಲೇ ಹಾದುಹೋಗುತ್ತದೆ. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಸಿದ್ದೇಶ್ವರಿ ಆ ಸದ್ದು ಪೂರ್ತಿ ಅಡಗಲಿ ಎಂದು ಕಾಯುತ್ತಾರೆ. ಎದುರಿಗೆ ಹಳೇ ಸೀರೆಯ ಮೇಲೆ ಕೆಂಪು ಅಕಾರ್ಡಿಯನ್ನೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಸ್ವರ ಹೊರಡಿಸುವ ಉಕ್ಕಿನ ತೆಳು ರೀಡೊಂದರ ತುದಿಯನ್ನು ಸಣ್ಣ ಅರದಿಂದ ಹಗುರಾಗಿ ಕೆರೆದು, ಪುಟ್ಟ ತಿದಿಯಿಂದ ಗಾಳಿ ಕೊಟ್ಟು, ಕಿವಿಗೊಟ್ಟು ಕೇಳುತ್ತಾರೆ. ತಲೆಯಾಡಿಸಿ ಮತ್ತೆ ಕೆರೆಯುತ್ತಾರೆ.

ಇವತ್ತು ಶನಿವಾರ. ಸಂಜೆ ಈ ಪೇಟಿ ಆರ್ಲಿಂಗ್ಟನ್‌ನ ಲಾ ಸೇಯ್ಬಾ ಎಂಬ ಕೊಲಂಬಿಯನ್ ಕ್ಲಬ್ಬಿನಲ್ಲಿ ನುಡಿಯಬೇಕು. ನುಡಿಸುವವನು ಕೆಳಗಿನ ಮನೆಯ ಎಫ್ರಾಯಿನ್. ವಾರವೆಲ್ಲ ಊರವರ ಗೋಡೆಗಳಿಗೆ ಬಣ್ಣ ಬಳಿದು, ಶನಿವಾರ ಮಾತ್ರ ಬಿಳಿ ಅಂಗಿ ತೊಟ್ಟು ವೇದಿಕೆ ಹತ್ತುವ ಆಸಾಮಿ. ಅವನಿಗಿರುವುದು ಇದೊಂದೇ ಅಕಾರ್ಡಿಯನ್. ಹೋದ ವಾರ ಅದನ್ನು ಹಾಳು ಮಾಡಿದವರೂ ಸಿದ್ದೇಶ್ವರಿಯವರೇ.

"ಹಾಳ ಅಂದ್ರ ಹಾಳಲ್ರಿ. ಭಾಳ ಚೊಲೊ ಮಾಡಿಬಿಟ್ಟಿದ್ದೆ. ಅದ ತಪ್ಪಾತು," ಎನ್ನುತ್ತಾರೆ, ಕೈಯಲ್ಲಿನ ಅರ ಕೆಳಗಿಡದೆ.

ಸಿದ್ದೇಶ್ವರಿಯವರ ತಂದೆ ಗದಗಿನಲ್ಲಿ ನಾಟಕ ಕಂಪನಿಗಳ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವರು. ಆ ಕಡೆ ಹಾರ್ಮೋನಿಯಂಗೆ ಪೇಟಿ ಎಂದೇ ಹೆಸರು; ಸಿದ್ದೇಶ್ವರಿಯವರ ಬಾಯಲ್ಲಿ ಅಕಾರ್ಡಿಯನ್ನೂ ಪೇಟಿಯೇ. ಗಂಡುಮಕ್ಕಳು ಅಂಗಡಿಯಿಂದ ನುಣುಚಿಕೊಂಡಾಗ ಅಲ್ಲೇ ಉಳಿದು ಅರ ಹಿಡಿದವಳು ಈ ಮಗಳು. ಸೇತುವೆಗಳ ಇಂಜಿನಿಯರ್ ರಾಮಲಿಂಗಪ್ಪನವರನ್ನು ಮದುವೆಯಾಗಿ, ಎಂಬತ್ತೊಂಬತ್ತರಲ್ಲಿ ವರ್ಜೀನಿಯಾಕ್ಕೆ ಬಂದರು. ಇಲ್ಲಿನ ಕನ್ನಡ ಸಂಘದವರಿಗೆ ಗೊತ್ತಿರುವುದು ಅವರ ಶೇಂಗಾ ಹೋಳಿಗೆ ಮಾತ್ರ. ಹೋಳಿಗೆ ಮೆಲ್ಲುತ್ತ ಭಜನೆ ಕೇಳುವ ಮಂದಿಯಲ್ಲಿ ಒಬ್ಬರಾದರೂ, ಆ ಭಜನೆಯ ಪೇಟಿಯನ್ನು ಸರಿ ಮಾಡಿದವರು ಯಾರೆಂದು ಕೇಳಿದ್ದಿಲ್ಲ. ಅವರೂ ಹೇಳಿಕೊಂಡವರಲ್ಲ.

ಎಫ್ರಾಯಿನ್ ಪರಿಚಯವಾದದ್ದು ನೆಲದ ಮೂಲಕ. ಕೆಳಗೆ ಒಂದು ಸ್ವರ ದಿನವೂ ಸಿಕ್ಕಿಹಾಕಿಕೊಂಡು ಗೋಳಿಡುತ್ತಿತ್ತು. ತಡೆಯಲಾರದೆ ಒಂದು ದಿನ ಅರ ಹಿಡಿದುಕೊಂಡೇ ಮೆಟ್ಟಿಲಿಳಿದು ಬಾಗಿಲು ಬಡಿದರು. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಇವರಿಗೆ ಅದಕ್ಕಿಂತ ಅಷ್ಟಕ್ಕಷ್ಟೆ. ಆದರೂ ಸಂಜೆಯೊಳಗೆ ಗೋಳು ನಿಂತಿತು. ಅಂದಿನಿಂದ ಇವರು ಅವನ ಪಾಲಿಗೆ ಸೆನ್ಯೋರಾ, ಅಂದರೆ ಅಮ್ಮಾವ್ರು. ಪೇಟಿಗೆ ನೆಗಡಿಯಾದರೂ ಅವನು ಇಲ್ಲಿಗೇ ಓಡಿಬರುತ್ತಾನೆ.

ಎಡವಟ್ಟಾದದ್ದು ಪ್ರೀತಿ ಹೆಚ್ಚಾಗಿ. ಅಕಾರ್ಡಿಯನ್ನಿನ ಒಂದೊಂದು ಗುಂಡಿಗೂ ಜೋಡಿ ರೀಡುಗಳು ಒಟ್ಟಿಗೆ ನುಡಿಯುತ್ತವೆ. ಎರಡರಲ್ಲಿ ಒಂದು ತುಸು ಏರಿದ್ದರೆ ಸ್ವರ ನಡುಗುತ್ತದೆ. ಗದಗಿನ ಅಂಗಡಿಯಲ್ಲಿ ಆ ಜೋಡಿ ಒಂದೇ ದನಿಯಾಗಬೇಕು. ಸ್ವರ ಒಂಚೂರು ನಡುಗಿದರೂ ಕೆಲಸ ಕೆಟ್ಟಂತೆ. ಎಫ್ರಾಯಿನ್ ಪೇಟಿಯ ಒಂದೊಂದು ಸ್ವರವೂ ನಡುಗುತ್ತಿತ್ತು. ಪಾಪ, ಹಳೆಯದಾಗಿದೆ ಎಂದು ಮರುಗಿದ ಸಿದ್ದೇಶ್ವರಿ, ಹೋದ ವಾರ ಅವನನ್ನು ಕೇಳದೆಯೇ ಎಲ್ಲ ಜೋಡಿಗಳನ್ನೂ ಒಂದಾಗಿಸಿ ಕಳಿಸಿದರು.

ಆ ಶನಿವಾರ ಲಾ ಸೇಯ್ಬಾದಲ್ಲಿ ಜನ ಒಂದೆರಡು ಸುತ್ತು ಕುಣಿದು ಕುರ್ಚಿಗೆ ಮರಳಿದರು. ಇನ್ನೊಂದು ವಾರ ಹೀಗೇ ಆದರೆ ಬ್ಯಾಂಡೇ ಬೇಡ, ಕ್ಯಾಸೆಟ್ ಹಾಕುತ್ತೇನೆ ಎಂದು ಕ್ಲಬ್ಬಿನ ಯಜಮಾನಿ ಕಾರ್ಮೆನ್ಸಾ ಕಡ್ಡಿ ಮುರಿದಂತೆ ಹೇಳಿದಳು. ಭಾನುವಾರ ಎಫ್ರಾಯಿನ್ ಮೇಲೆ ಬಂದ. ಬೈಯಲಿಲ್ಲ. ಹಿಂದೊಮ್ಮೆ ಕ್ಲಬ್ಬಿನಲ್ಲಿ ರೆಕಾರ್ಡ್ ಮಾಡಿದ ಟೇಪು ಹಾಕಿದ. ಟೇಪಿನ ತುಂಬ ಆ ನಡುಕ, ಅದರ ಹಿಂದೆಯೇ ಕುಣಿಯುವವರ ಕಾಲಿನ ಸದ್ದು. ಆ ಕಾಲುಗಳನ್ನು ಎಬ್ಬಿಸುವುದೇ ಆ ನಡುಕ ಎಂದು ಸಿದ್ದೇಶ್ವರಿಯವರಿಗೆ ಆಗ ತಿಳಿಯಿತು. ನಾಚಿಕೆಯಿಂದ ಅಂದು ಊಟ ಸೇರಲಿಲ್ಲ.

ಕೆರೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಜೋಡಿಯಲ್ಲಿ ಒಂದರ ತುದಿಯನ್ನು ಮತ್ತಷ್ಟು ತೆಳ್ಳಗೆ ಮಾಡಿ, ಸ್ವರವನ್ನು ಕೂದಲೆಳೆಯಷ್ಟು ಏರಿಸುವುದೊಂದೇ ದಾರಿ. ಕೈ ತಪ್ಪಿದರೆ ರೀಡು ತುಂಡು, ಎಫ್ರಾಯಿನ್‌ನ ಶನಿವಾರಗಳಿಗೂ ಮಂಗಳ. ವಾರವಿಡೀ ಅವರು ಬೇಕೆಂದೇ ಸ್ವರ ಕೆಡಿಸುತ್ತ ಕೂತಿದ್ದಾರೆ. ಕಲಿತ ವಿದ್ಯೆಗೆ ಬೆನ್ನು ಹಾಕುವ ಈ ಕೆಲಸ ಅವರಿಗೆ ಸಂಕಟ ಕೊಡುತ್ತದೆ. ಕೊನೆಯ ಜೋಡಿ ಮುಗಿಯುವಷ್ಟರಲ್ಲಿ ಬಾಲ್ಕನಿಗೆ ಬಿಸಿಲು ಬಂದಿದೆ. ಈ ಸಲ ತಾವೂ ಹೋಗಿ ಕೇಳಬೇಕೆಂದು ಅವರ ಹಟ.

ಕುಡಿಯುವ ಜಾಗಕ್ಕೆ ಹೆಂಡತಿಯನ್ನು ಕರೆದೊಯ್ಯುವುದೇ ಎಂದು ರಾಮಲಿಂಗಪ್ಪನವರು ಗೊಣಗುತ್ತಾರೆ. ಗೊಣಗುತ್ತಲೇ ಅಂಗಿಗೆ ಇಸ್ತ್ರಿ ಹಾಕಿ ಕಾರು ತೆಗೆಯುತ್ತಾರೆ. ಲಾಂಡ್ರಿಗೂ ಟೈರ್ ಅಂಗಡಿಗೂ ನಡುವೆ ಲಾ ಸೇಯ್ಬಾ. ಹೊತ್ತು ಮುಳುಗುವ ಮುಂಚೆಯೇ ಒಳಗೆ ಜನ, ಗದ್ದಲ, ಮೆಕ್ಕೆಜೋಳದ ದಪ್ಪ ರೊಟ್ಟಿ ಬೇಯುವ ಘಮ. ಅದರಲ್ಲಿ ಮಾಂಸವಿಲ್ಲ ತಾನೆ ಎಂದು ರಾಮಲಿಂಗಪ್ಪನವರು ಬಡಿಸುವವಳನ್ನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಸಿದ್ದೇಶ್ವರಿ ಮಾತ್ರ ರೊಟ್ಟಿ ಮುಟ್ಟುವುದಿಲ್ಲ.

ಎಫ್ರಾಯಿನ್ ತಿದಿ ಎಳೆಯುತ್ತಾನೆ. ಮೊದಲ ಸ್ವರ ಹೊರಡುತ್ತಿದ್ದಂತೆ ಸಿದ್ದೇಶ್ವರಿ ಕಣ್ಣು ಮುಚ್ಚುತ್ತಾರೆ. ಸ್ವರ ನಡುಗುತ್ತದೆ. ಅದರ ಬೆನ್ನಿಗೆ ಡೋಲು ಸೇರಿಕೊಳ್ಳುತ್ತದೆ. ಒಂದು ಜೋಡಿ ಏಳುತ್ತದೆ, ಆಮೇಲೆ ಇನ್ನೊಂದು. ನೋಡನೋಡುತ್ತ ಕುರ್ಚಿಗಳೆಲ್ಲ ಖಾಲಿ. ಕಾರ್ಮೆನ್ಸಾ ಕೂಡ ಕೌಂಟರ್ ಬಿಟ್ಟು ಬಂದು, ಅಡಿಗೆಯವನ ಕೈ ಹಿಡಿದು ತಿರುಗುತ್ತಾಳೆ. ರಾಮಲಿಂಗಪ್ಪನವರ ಬೂಟು ಯಜಮಾನರ ಅಪ್ಪಣೆಯಿಲ್ಲದೆಯೇ ತಾಳ ಹಾಕುತ್ತಿದೆ. ಸಿದ್ದೇಶ್ವರಿಯವರ ಕಣ್ಣಲ್ಲಿ ನೀರು. "ಎಷ್ಟ ಅಂಜಿದ್ದೆ ಅಂತೀರಿ," ಎಂದು ಸೆರಗಿನಲ್ಲಿ ಒರೆಸಿಕೊಂಡು, ತಣ್ಣಗಾದ ರೊಟ್ಟಿ ಮುರಿಯುತ್ತಾರೆ.

ಬಿಡುವಿನಲ್ಲಿ ಎಫ್ರಾಯಿನ್ ತನ್ನ ಮಂದಿಗೆ ಇವರತ್ತ ಕೈ ತೋರಿಸಿ ಏನೋ ಹೇಳುತ್ತಾನೆ. ನೆರೆದವರೆಲ್ಲ ತಿರುಗಿ ನೋಡುತ್ತಾರೆ. ಮ್ಯಾನಸಸ್ ಎಂಬ ಊರಿನಿಂದ ಬಂದ ನರೆಗೂದಲಿನ ವಾದಕನೊಬ್ಬ ತನ್ನ ಅಕಾರ್ಡಿಯನ್ ತಂದು ಮೇಜಿನ ಮೇಲಿಡುತ್ತಾನೆ. ಸೆನ್ಯೋರಾ ಬಿಚ್ಚಿ ನೋಡಲಿ ಎಂದು ಅವನ ಕೋರಿಕೆ. ಸಿದ್ದೇಶ್ವರಿ ಪೇಟಿಯನ್ನು ಮೆಲ್ಲಗೆ ಅವನ ಕಡೆಗೇ ಸರಿಸಿ, ಗಂಡನತ್ತ ತಿರುಗುತ್ತಾರೆ.

"ಮದ್ಲ ಅವರು ನುಡಸ್ಲಿ ಅನ್ರಿ. ಈ ಮಂದಿ ಕುಣೀಲಿ. ನಾ ನೋಡ್ತೀನಿ. ಬಿಚ್ಚೂದು ಆಮ್ಯಾಲ."