ವಾರದ ಹೆಸರು ಬರೆದ ಸ್ಟ್ರಿಪ್

ಅವರ ಬಲಗೈ ಹೆಬ್ಬೆರಳಿನ ಮೇಲೆ ಯಾವಾಗಲೂ ಮಾರ್ಕರ್ ಪೆನ್ನಿನ ನೀಲಿ ಕಲೆ. ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ತಿರುವಿನ ಮೆಡಿಕಲ್ ಶಾಪ್ ಅವರದು; ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಶಟರ್ ಎತ್ತುತ್ತಿದ್ದರು. ನಮಗೆಲ್ಲ ಭಾಯ್. ವಯಸ್ಸಾದವರಿಗೆ ಮಾತ್ರೆ ಕೊಡುವಾಗ ಸ್ಟ್ರಿಪ್ಪಿನ ಹಿಂದೆ ದಿನಕ್ಕಿಷ್ಟು ಅಂತ ಗೆರೆ ಎಳೆದು, ಸೋಮ, ಮಂಗಳ ಎಂದು ಬರೆದೇ ಕೊಡುವುದು ಅವರ ಪದ್ಧತಿ. ಕಾನ್ವೆಂಟಿನಲ್ಲಿ ಓದಿದ ಜಂಬ ನನಗೆ. "ಐ ಕ್ಯಾನ್ ರೀಡ್, ಭಾಯ್" ಅಂದಿದ್ದೆ.

"ಓದೋರೇ ಜಾಸ್ತಿ ಮರೀತಾರೆ ಮೇಡಂ," ಎಂದು ನಕ್ಕಿದ್ದರು.

ಸ್ಟ್ರೋಕ್ ಆದಮೇಲೆ ನಮ್ಮ ಯಜಮಾನರ ಎಡಗೈ ಕೊರಡಿನ ಹಾಗೆ ಬಿಗಿದುಕೊಂಡಿತ್ತು. ಬಿಗಿತ ಸಡಿಲಿಸುವ ಬ್ಯಾಕ್ಲೋಫೆನ್ ಮಾತ್ರೆ ಶುರುವಾದ ಮೇಲೆ ಮುಷ್ಟಿ ಬಿಡಿಸಿ ಉಗುರು ಕತ್ತರಿಸುವಷ್ಟು ಸಡಿಲವಾಯಿತು. ಆದರೆ ಸದಾ ತೂಕಡಿಕೆ. ನೀವಾಗೇ ತಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರುತ್ತೆ, ಡಾಕ್ಟರನ್ನು ಕೇಳಿ ನಿಧಾನ ಇಳಿಸಬೇಕು ಎಂದು ಭಾಯ್ ಎರಡು ಸಲ ಹೇಳಿದ್ದರು.

ನಾನು ನಿಲ್ಲಿಸಿದೆ. ಮೊಮ್ಮಗಳ ಎಂಗೇಜ್‌ಮೆಂಟಿನಲ್ಲಿ ಬೀಗರ ಎದುರು ಅವರು ಜೊಲ್ಲು ಸುರಿಸುತ್ತ ಕೂರುವುದು ಬೇಡ, ಸ್ವಲ್ಪ ಪ್ರೆಸೆಂಟೆಬಲ್ ಆಗಿರಲಿ ಅಂತ. ಮೂರನೇ ದಿನ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರಿಗೆ ಮಾತ್ರ ಪಿಸುಗುಟ್ಟಿ ನಿಜ ಹೇಳಿದೆ. ಅಳಿಯ ಕೇಳಿದಾಗ, ತಪ್ಪದೆ ಕೊಟ್ಟಿದ್ದೀನಪ್ಪ, ಶಾಪಿನವರೇ ಬೇರೆ ಏನಾದರೂ ಕೊಟ್ಟರೋ ಏನೋ ಅಂದುಬಿಟ್ಟೆ.

ಯಜಮಾನರು ಚೇತರಿಸಿಕೊಂಡ ಮೇಲೆ ಅಳಿಯ ಸ್ಟ್ರಿಪ್ ಹಿಡಿದು ಶಾಪಿಗೆ ನುಗ್ಗಿದ, ಹಿಂದೆ ನಾನು. ಗಿರಾಕಿಗಳ ಮುಂದೆಯೇ ಕೂಗಾಡಿ ಅದನ್ನು ಕೌಂಟರಿನ ಮೇಲೆ ಎಸೆದ. ಭಾಯ್ ತಿರುಗಿಸಿ ನೋಡಿದರು. ಶುಕ್ರ, ಶನಿ, ಭಾನು: ಒಂದು ಮಾತ್ರೆಯೂ ಒಡೆದಿರಲಿಲ್ಲ. ನೀಲಿ ಹೆಬ್ಬೆರಳು ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಸ್ಟ್ರಿಪ್ಪನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ತಪ್ಪು ನಂದೇ, ಸರ್."

ಅಳಿಯನ ಹಿಂದೆಯೇ ನಾನೂ ಶಾಪಿನಿಂದ ಹೊರಬಂದೆ.

ನಮ್ಮ ಬೀದಿಯ ಅರ್ಧ ಜನ ಬೇರೆ ಶಾಪ್ ಹಿಡಿದರು. ನನಗೆ ಮಾತ್ರ ಭಾಯ್ ಮೊದಲಿನಂತೆಯೇ ವಾರ ಬರೆದು ಕೊಡುತ್ತಿದ್ದರು. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಅವರ ಮನೆಯವರಿಗಾದರೂ ನಿಜ ಹೇಳಿಬಿಡೋಣ ಅಂತ ಭದ್ರಾವತಿಗೆ ಹೋದೆ. ನಾನು ಯಾರೆಂದು ತಿಳಿದ ಕೂಡಲೆ ಅವರ ಮಗಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಮ್ಮ ಅಬ್ಬಾ ಕೈತಪ್ಪಿಂದ ಅಂಕಲ್‌ಗೆ ಅಷ್ಟು ತೊಂದ್ರೆ ಆಯ್ತಂತೆ. ಮಾಫ್ ಮಾಡಿಬಿಡಿ, ಆಂಟಿ."

ಸ್ವಂತ ಮನೆಯಲ್ಲೂ ಅವರು ನನ್ನ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

"ಇರಲಿ ಬಿಡಮ್ಮ," ಅಂದೆ. ಅವಳು ಕೊಟ್ಟ ಟೀ ಕುಡಿದು, ಕ್ಷಮಿಸಿದವಳ ಹಾಗೆ ಅವಳ ತಲೆ ಸವರಿ, ಶಿವಮೊಗ್ಗದ ಬಸ್ಸು ಹತ್ತಿದೆ.