ಎಡಕ್ಕೆ ಬಿದ್ದ ಹೂವು

ಜ್ಞಾನ ದೊಡ್ಡದೋ ಭಕ್ತಿ ದೊಡ್ಡದೋ ಎಂಬ ಪ್ರಶ್ನೆಯನ್ನು ಕುಮಟೆಯ ಒಂದು ಸಭೆಯಲ್ಲಿ ನಾನು ಮುಕ್ಕಾಲು ಗಂಟೆಯಲ್ಲಿ ಬಗೆಹರಿಸಿಬಿಟ್ಟಿದ್ದೆ. ಗೆದ್ದದ್ದು ಜ್ಞಾನ, ಭಾಷಣಕಾರ ನಾನೇ ಆಗಿದ್ದರಿಂದ ಅದಕ್ಕೆ ಬೇರೆ ದಾರಿ ಇರಲಿಲ್ಲ. ಹೈಸ್ಕೂಲಿನ ವಿಜ್ಞಾನದ ಮಾಸ್ತರನಿಗೆ ವೇದಾಂತವೂ ಗೊತ್ತಿದೆ ಎಂದರೆ ನಮ್ಮ ಕಡೆ ಒಂದು ಶಾಲು ಖಾತ್ರಿ. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ತಿಳಿದು ನಡುಗುವವನಿಗೆ ಬೇಕಾದದ್ದು ದೀಪ, ಹರಕೆಯಲ್ಲ ಎಂದಾಗ ಚಪ್ಪಾಳೆಯೂ ಬಿತ್ತು. ಅದೇ ವಾರ ಮನೆಯ ಬಚ್ಚಲಲ್ಲಿ ಬಾವಿಯ ಹುರಿಯ ತುಂಡೊಂದನ್ನು ಕಂಡು ನಾನು ಮೂರಡಿ ಹಾರಿದೆ. ಅದನ್ನು ಎತ್ತಿ ಮೊಳೆಗೆ ತೂಗುಹಾಕಿದವಳು ಅಮ್ಮ. ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

ಕೊಂಕಣ ರೈಲು ಓಡತೊಡಗಿದ ಹೊಸತು ಅದು. ಅಮ್ಮನ ಒಂದು ಕಣ್ಣು ಯಾವ ಕಾಲದಲ್ಲೋ ಹೋಗಿತ್ತು. ಉಳಿದ ಒಂದಕ್ಕೆ ಪೊರೆ ಬಂದು, ತಡಮಾಡಿದರೆ ಕಷ್ಟ, ಬೇಗ ಆಪರೇಶನ್ ಮಾಡಿಸಿ ಎಂದು ಹೊನ್ನಾವರದ ಡಾಕ್ಟರು ಹೇಳಿದ್ದರು. ಅಮ್ಮ ಒಪ್ಪಿದಳು. ಆದರೆ ಮುಟ್ಟಳ್ಳಿಯ ನಮ್ಮ ಗೋಪಾಲಕೃಷ್ಣನ ಹತ್ತಿರ ಮೊದಲು ಪ್ರಸಾದ ಕೇಳಬೇಕು ಎಂದಳು.

ಪ್ರಸಾದ ಕೇಳುವುದೆಂದರೆ, ಭಟ್ಟರು ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ ನಮ್ಮ ಪ್ರಶ್ನೆಯನ್ನು ದೇವರಿಗೆ ಒಪ್ಪಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ನೀರಾರಿದ ಹೂವು ಭೂಮಿಯ ಸೆಳೆತಕ್ಕೆ ಬೀಳುತ್ತದೆ, ಇದರಲ್ಲಿ ದೇವರ ಕೆಲಸವೇನಿಲ್ಲ ಎಂದು ಗದ್ದೆಯ ಬದುವಿನುದ್ದಕ್ಕೂ ಅಮ್ಮನಿಗೆ ವಿವರಿಸಿದೆ. "ಹೌದೌದು ತಮಾ, ಅಲ್ಲಿ ಹೊಂಡ ಇದೆ, ನೋಡ್ಕಂಡು ನಡಿ" ಎಂದಳು.

ಹೂವು ಎಡಕ್ಕೆ ಬಿತ್ತು.

ಹೇಳಲು ನಾಚಿಕೆಯಾಗುತ್ತದೆ, ಹೆದರಿದ್ದು ನಾನು. ಭೂಮಿಯ ಸೆಳೆತ ಎಲ್ಲಿ ಹೋಯಿತೋ, ನನ್ನ ಶಾಲು ಎಲ್ಲಿ ಹೋಯಿತೋ! ಇರುವುದು ಒಂದೇ ಕಣ್ಣು, ಅದೂ ಹೋದರೆ? "ಅಮ್ಮಾ, ಮುಂದಿನ ತಿಂಗಳು ನೋಡುವ" ಎಂದೆ.

"ಎಂತ ಮುಂದಿನ ತಿಂಗಳು? ಭಟ್ರೇ, ಇನ್ನೊಂದ್ ಸಲ ಕೇಳಿ."

ಒಂದೇ ಪ್ರಶ್ನೆಯನ್ನು ಒಂದೇ ದಿನ ಎರಡು ಸಲ ಕೇಳುವ ಕ್ರಮ ಇಲ್ಲವೆಂದರು ಭಟ್ಟರು.

"ಆತು, ಹಾಗಾದ್ರೆ ಬೇರೆ ಪ್ರಶ್ನೆ" ಎಂದ ಅಮ್ಮ ಹೊಸಿಲ ಹತ್ತಿರ ಸರಿದು ಸೀದಾ ದೇವರಿಗೇ ಹೇಳಿದಳು: "ಕಣ್ಣು ಮಾಡಿಸ್ಕಳ್ಳೂದು ನಿನ್ನ ನೋಡೂಕೆ. ನಾನು ನಿನ್ನ ನೋಡೂದು ಬೇಕಾ, ಬ್ಯಾಡ್ವಾ? ಅದೊಂದ್ ಹೇಳು."

ಭಟ್ಟರು ನಗು ತಡೆದುಕೊಂಡು ಮತ್ತೆ ಹೂವು ಅಂಟಿಸಿದರು. ಗೋಪಾಲಕೃಷ್ಣ ಬಹಳ ಹೊತ್ತು ಯೋಚಿಸಿದ. ವಿಜ್ಞಾನದ ಮಾಸ್ತರ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ. ಕೊನೆಗೆ ಬಲಗಡೆಯದು ಬಿತ್ತು.

ಮರಳುವಾಗ ಕೇಳಿದೆ: "ಮತ್ತೂ ಎಡಕ್ಕೇ ಬಿದ್ದಿದ್ದರೆ?"

"ಮೂರನೇದು ಕೇಳ್ತಿದ್ದೆ. ಅವ ಎಲ್ಲಿಗೆ ಓಡಿ ಹೋಗ್ತಾನೆ?"

ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಮಂಗನ ಮರಿ, ತಾಯಿ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿ ಎಂದು ಪಂಡಿತರು ಭಕ್ತರಲ್ಲಿ ಎರಡು ಬಗೆ ಹೇಳುತ್ತಾರೆ. ತಾಯಿಯ ಕಿವಿ ಹಿಂಡುವ ಮರಿಯ ಸುದ್ದಿ ಅವರಿಗೆ ಮುಟ್ಟಿದಂತಿಲ್ಲ. ಗುರುತಿಲ್ಲದವರು ಬೇಡ ಎಂದರೆ ನಾವು ಹೆದರಿ ಹಿಂದೆ ಸರಿಯುತ್ತೇವೆ, ಮನೆಯವರು ಬೇಡ ಎಂದರೆ ಜಗಳಕ್ಕೆ ನಿಲ್ಲುತ್ತೇವೆ. ದೇವರ ಬಗ್ಗೆ ಅಷ್ಟೆಲ್ಲ ಓದಿಯೂ ನಾನು ಅವನ ಗುರುತು ಮಾಡಿಕೊಂಡಿರಲಿಲ್ಲ.

ಆಪರೇಶನ್ ಚೆನ್ನಾಗಿಯೇ ಆಯಿತು. ಆಮೇಲೆ ಅಮ್ಮ ಮೊದಲು ಹೊರಟದ್ದು ದೇವಸ್ಥಾನಕ್ಕೆ. ಅವಳ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಗರ್ಭಗುಡಿಯಲ್ಲಿ ಎಣ್ಣೆದೀಪ ಮಾತ್ರ ಇತ್ತು. ಬಾಗಿಲಿಗೆ ಟ್ಯೂಬ್‌ಲೈಟ್ ಬರುವ ಹೊತ್ತಿಗೆ ಕಣ್ಣು ಮಂಜಾಗಿತ್ತು. ಹೂವಿನ ರಾಶಿ, ಬೆಳ್ಳಿಯ ಪ್ರಭಾವಳಿ ಇಷ್ಟನ್ನೇ ದೇವರೆಂದು ನೋಡುತ್ತಿದ್ದವಳು ಈಗ ಬೆಳಕಿನಲ್ಲಿ ಗೇಣುದ್ದದ ಆ ವಿಗ್ರಹವನ್ನು ನೆಟ್ಟನೋಟದಿಂದ ನೋಡಿದಳು. ನನ್ನ ದೀಪ, ನನ್ನ ಹಗ್ಗ, ನನ್ನ ಹಾವು ಎಲ್ಲ ನೆನಪಾಗಿ, ಈಗ ಇವಳ ಭಕ್ತಿಗೆ ಏನಾಗುತ್ತದೋ ಎಂದು ನನಗೇ ಅಳುಕಾಯಿತು.

"ಇಷ್ಟ್ ಸಣ್ಣವನಾ ಇವ!" ಎಂದಳು. "ಪಾಪ, ಎಷ್ಟೆಲ್ಲ ಹೊರಿಸಿದೆ ಇವನ ತಲೆ ಮೇಲೆ!"

ಅಂದು ಅವಳು ಏನನ್ನೂ ಬೇಡಲಿಲ್ಲ. ಭಟ್ಟರು ನೈವೇದ್ಯದ ಪಂಚಕಜ್ಜಾಯ ಕೊಡಲು ಬಂದಾಗ ಅರ್ಧ ತೆಗೆದುಕೊಂಡು ಉಳಿದದ್ದಕ್ಕೆ ಕೈ ಅಡ್ಡ ಹಿಡಿದಳು.

"ನಂಗೆ ಇಷ್ಟ್ ಸಾಕು ಭಟ್ರೇ. ಅವನಿಗೆ ಇರ್ಲಿ, ಬೆಳೆಯೋ ಮಗು."