ಹೆಣಗಳ ಸಿನಿಮಾದ ಅಳುವ ರೀಲು

ಮೊನ್ನೆ ಸಂಜೆ ಮಗಳು ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ನಿಮಗೆ ದೆವ್ವದ ಸಿನಿಮಾ ಅಂದ್ರೆ ಇಷ್ಟ ಅಲ್ವಾ ಅಪ್ಪ, ಇದನ್ನ ಓದಿ" ಎಂದಳು. ಸತ್ತವರು ಎದ್ದು ಓಡಾಡುವ ಯಾವುದೋ ಹಳೆಯ ಇಂಗ್ಲಿಷ್ ಸಿನಿಮಾದ ಎರಡನೇ ಭಾಗ. ಅದರ ಕೆಳಗೆ ನೋಡಿದವರ ಅಭಿಪ್ರಾಯಗಳು, ಬೆರಳಲ್ಲಿ ಎಳೆದಷ್ಟೂ ಮುಗಿಯುವುದಿಲ್ಲ. ಒಬ್ಬ ಪುಣ್ಯಾತ್ಮ, ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಗಲೇ ಇಲ್ಲ ಎಂದು ಮರುಗಿದ್ದ. ಅವನ ಕೆಳಗೇ ಇನ್ನೊಬ್ಬ, ಅರ್ಧ ನೋಡಿ ನಿಲ್ಲಿಸಿದೆ, ದಂಡ, ಎಂದು ಬರೆದಿದ್ದ. ಅರ್ಧ ನೋಡಿದವನಿಗೆ ಅಭಿಪ್ರಾಯ ಎಂಥದ್ದು, ನೀವೇ ಹೇಳಿ. ಅರ್ಧ ಬೆಂದ ಅನ್ನ ಉಂಡು ಅಕ್ಕಿಯೇ ಸರಿಯಿಲ್ಲ ಎನ್ನುವ ಜಾತಿಯವರು ಇವರು. ನನ್ನ ದನಿ ಎಷ್ಟು ಏರಿತ್ತೆಂದರೆ, ಯಾರ ಜೊತೆ ಜಗಳ ಎಂದು ನೋಡಲು ಹೆಂಡತಿ ಒಳಗಿನಿಂದ ಬಂದಳು. ಮೊಬೈಲಿನ ಜೊತೆ ಎಂದು ಹೇಳುವುದಕ್ಕೆ ನಾಚಿಕೆಯಾಯಿತು.

ಆದರೆ ಆ ಸಿಟ್ಟು ಮೊಬೈಲಿನದಲ್ಲ. ನಲವತ್ತು ವರ್ಷ ಹಳೆಯದು, ಕೊಪ್ಪದ್ದು.

ಆಗ ನಾನು ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿನ ಮಾಳಿಗೆಯಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಕಲಿಯುತ್ತಿದ್ದೆ ಎಂದರೆ ಮನೆಯಲ್ಲಿ ಹಾಗೆ ಹೇಳಿದ್ದೆ, ಅಷ್ಟೆ. ಊರಾಚೆಯ ಗದ್ದೆಬಯಲಿನಲ್ಲಿ ಟೂರಿಂಗ್ ಟಾಕೀಸಿನ ಟೆಂಟ್ ಇತ್ತು, ನನ್ನ ನಿಜವಾದ ವಿದ್ಯಾಭ್ಯಾಸ ಅಲ್ಲಿ ನಡೆಯುತ್ತಿತ್ತು. ಅದೇ ಮಾಲೀಕರ ಇನ್ನೊಂದು ಟೆಂಟ್ ನರಸಿಂಹರಾಜಪುರದಲ್ಲಿ. ಪ್ರತಿ ಸಿನಿಮಾ ಮೊದಲು ಅಲ್ಲಿ ಒಂದು ವಾರ ಓಡಿ, ಆಮೇಲೆ ರೀಲಿನ ಡಬ್ಬಗಳು ಬಸ್ಸಿನ ಟಾಪಿನ ಮೇಲೆ ಕೂತು ನಮ್ಮೂರಿಗೆ ಬರುತ್ತಿದ್ದವು. ನಮಗೆ ಸಿಗುತ್ತಿದ್ದದ್ದು ಯಾವಾಗಲೂ ಅವರು ನೋಡಿ ಬಿಟ್ಟದ್ದು. ನನ್ನ ಅಕ್ಕನನ್ನು ಕೊಟ್ಟದ್ದು ಆ ಊರಿಗೇ ಆದ್ದರಿಂದ ನಾನು ಮಾತ್ರ ಒಂದು ವಾರ ಮುಂದಿರುತ್ತಿದ್ದೆ. ಆ ಜಂಬ ಸ್ವಲ್ಪ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಟೆಂಟಿನ ಮೈಕಿನವರು ಇಬ್ರಾಹಿಂ ಸಾಹೇಬರು. ಬೆಳಿಗ್ಗೆಯೆಲ್ಲ ಸ್ಟೌ, ಟಾರ್ಚು ರಿಪೇರಿ. ಮಧ್ಯಾಹ್ನವಾದರೆ ತಲೆಯ ಮೇಲೆ ಸ್ಪೀಕರ್ ಕಟ್ಟಿದ ಜೀಪಿನಲ್ಲಿ ಕೂತು ಹಿರೇಕೊಡಿಗೆ, ಹರಿಹರಪುರ ಎಂದು ಸುತ್ತಿ ಸಿನಿಮಾ ಕೂಗಿ ಬರುವುದು. ಮೈಕ್ ಹಿಡಿದವನು ಸುಳ್ಳು ಹೇಳುವುದು ಲೋಕರೂಢಿ. ಸಾಹೇಬರು ಹೇಳುತ್ತಿರಲಿಲ್ಲ. ಸಿನಿಮಾ ಅಷ್ಟಕ್ಕಷ್ಟೆ ಇದ್ದರೆ ಅದರ ಹೆಸರು, ಆಟದ ಹೊತ್ತು, ಇಷ್ಟನ್ನೇ ಕೂಗಿ ಸುಮ್ಮನಾಗುತ್ತಿದ್ದರು. ಒಳ್ಳೆಯದಿದ್ದರೆ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ನೋಡಿದವರು ಹೇಳಿದ್ದಾರೆ, ಚೆನ್ನಾಗಿದೆ." ಹಿರೇಕೊಡಿಗೆಯವರು ಗದ್ದೆಯಲ್ಲಿ ಸೊಂಟ ನೆಟ್ಟಗೆ ಮಾಡಿ ಆ ಒಂದು ಮಾತಿಗೆ ಕಾಯುತ್ತಿದ್ದರಂತೆ. ಅದು ಬಂದರೆ ಸಂಜೆ ಕೊಪ್ಪಕ್ಕೆ, ಬರದಿದ್ದರೆ ಮನೆಗೆ.

ನೋಡಿದವರು ಎಂದರೆ ಹೆಚ್ಚಾಗಿ ನಾನೇ. ಅದು ಸಾಹೇಬರಿಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಆ ಹೆಣಗಳ ಸಿನಿಮಾದ ಎರಡನೇ ಭಾಗ ಬಂತು. ಹಿಂದಿಯದು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ನಗುತ್ತೀರಿ. ಮೊದಲನೇ ಭಾಗ ಹಿಂದಿನ ವರ್ಷ ಬಂದು ಟೆಂಟು ಕಿತ್ತುಹೋಗುವಷ್ಟು ಓಡಿತ್ತು. ಅದರಲ್ಲಿ ಏನಿತ್ತು ಮಹಾ? ಹೆಣಗಳು ಗುಂಡಿಯಿಂದ ಎದ್ದು ಬರುತ್ತವೆ, ಸಿಕ್ಕಸಿಕ್ಕವರನ್ನು ಕಚ್ಚುತ್ತವೆ, ಹೆಂಗಸರು ಕಿರುಚುತ್ತಾರೆ, ನಾವೂ ಕಿರುಚುತ್ತೇವೆ, ಮುಗಿಯಿತು. ಎರಡನೆಯದು ಹಾಗಲ್ಲ. ಅದನ್ನು ನರಸಿಂಹರಾಜಪುರದಲ್ಲಿ ಭಾವನ ಜೊತೆ ಕೂತು ನೋಡಿದೆ. ಇಲ್ಲಿ ಹೆಣಗಳು ಯಾರನ್ನೂ ಕಚ್ಚುವುದೇ ಇಲ್ಲ. ಒಂದೊಂದು ಹೆಣವೂ ಒಂದೊಂದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಒಳಗಿನವರು ಹೆದರಿ ಅಗುಳಿ ಹಾಕಿ ಕೂರುತ್ತಾರೆ. ಯಾಕೆ ಬಂದವು, ಏನು ಬೇಕು ಎನ್ನುವುದು ಗೊತ್ತಾಗುವುದು ಕಡೆಯ ರೀಲಿನ ಹಿಂದಿನ ರೀಲಿನಲ್ಲಿ. ಆ ರೀಲು ಮುಗಿದಾಗ ನಾನು ಅಳುತ್ತಿದ್ದೆ. ನನ್ನ ಭಾವ ಟವೆಲಿನಿಂದ ಕಣ್ಣೊರೆಸಿಕೊಂಡು, ಹಾಳು ಬೀಡಿ ಹೊಗೆ ಎಂದು ಮುಂದಿನವನನ್ನು ಬೈದರು. ಮುಂದಿನವನು ಬೀಡಿ ಸೇದುತ್ತಿರಲಿಲ್ಲ.

ಮರುದಿನವೇ ಕೊಪ್ಪಕ್ಕೆ ಬಂದು ಸಾಹೇಬರ ಅಂಗಡಿಗೆ ಹೋದೆ. ಮೊದಲನೆಯದನ್ನು ಇದರ ಕಾಲಡಿ ಹಾಕಿ ತುಳಿಯಬೇಕು, ಅಷ್ಟು ಚೆನ್ನಾಗಿದೆ ಎಂದೆ. ಕತೆ ಹೇಳಹೊರಟರೆ ಅವರು ಕೈ ಅಡ್ಡ ಹಿಡಿದು, ನೋಡುವಾಗ ಮಜಾ ಹೋಗುತ್ತದೆ, ಬೇಡ ಎಂದರು. ನನ್ನ ಮಾತೊಂದೇ ಸಾಕಾಗಿತ್ತು ಅವರಿಗೆ. ಮಧ್ಯಾಹ್ನ ಜೀಪು ಹೊರಟಿತು. "ಮೊದಲ ಭಾಗಕ್ಕಿಂತ ಚೆನ್ನಾಗಿದೆ, ನೋಡಿದವರು ಹೇಳಿದ್ದಾರೆ" ಎಂದು ಅವರು ಎರಡೆರಡು ಸಲ ಕೂಗುವುದನ್ನು ಮಾಳಿಗೆಯ ಕಿಟಕಿಯಲ್ಲಿ ನಿಂತು ಕೇಳಿ ಹಿಗ್ಗಿದೆ.

ಈಗ ಒಂದು ವಿಷಯ ಹೇಳಲೇಬೇಕು. ಕೊಪ್ಪದಿಂದ ಶೃಂಗೇರಿ ಕಡೆಗೆ ಹೋಗುವ ಕಡೇ ಬಸ್ಸು ಫಸ್ಟ್ ಶೋ ಬಿಡುವುದಕ್ಕೆ ಹತ್ತು ನಿಮಿಷ ಮೊದಲೇ ಹೊರಡುತ್ತಿತ್ತು. ಟೆಂಟಿನಲ್ಲಿ ಅರ್ಧಕ್ಕರ್ಧ ಜನ ಆ ದಾರಿಯವರು. ಬಸ್ಸು ತಪ್ಪಿದರೆ ಕಾಡುದಾರಿಯಲ್ಲಿ ನಡೆಯಬೇಕು. ಅದಕ್ಕೆ ನಮ್ಮ ಆಪರೇಟರು ಒಂದು ಪದ್ಧತಿ ಮಾಡಿಕೊಂಡಿದ್ದ. ಪ್ರತಿ ಸಿನಿಮಾದಲ್ಲೂ ಕಡೆಯ ರೀಲಿನ ಹಿಂದಿನ ರೀಲನ್ನು ಡಬ್ಬದಿಂದ ತೆಗೆಯುತ್ತಲೇ ಇರಲಿಲ್ಲ. ಸಂಸಾರದ ಸಿನಿಮಾಗಳಲ್ಲಿ ತಾಯಿಗೆ ಮಗ ಸಿಕ್ಕಿ ಇಬ್ಬರೂ ಅಳುವುದು ಆ ರೀಲಿನಲ್ಲೇ ಅಲ್ಲವೇ? ಆಮೇಲಿನದರಲ್ಲಿ ಹೊಡೆದಾಟ, ಶುಭಂ. ಅಳು ನಮಗೆಲ್ಲ ಬಾಯಿಪಾಠ. ಅದಕ್ಕೇ ಅದನ್ನು ಅಳುವ ರೀಲು ಎನ್ನುತ್ತಿದ್ದೆವು. ಅದು ಹಾರಿದ್ದಕ್ಕೆ ಯಾರೂ ಒಂದು ಮಾತು ಆಡಿದವರಲ್ಲ, ಬಸ್ಸು ಸಿಕ್ಕಿತಲ್ಲ ಎಂದು ಆಪರೇಟರನ್ನು ಹರಸುತ್ತಿದ್ದರು. ಸೆಕೆಂಡ್ ಶೋದಲ್ಲಿ ಪೂರ್ತಿ ತೋರಿಸುತ್ತಿದ್ದ, ನಿಜ. ಆದರೆ ಹೆಣದ ಸಿನಿಮಾ ನೋಡಿ ನಡುರಾತ್ರಿ ಮನೆಗೆ ನಡೆಯುವ ಗಂಡುಗಲಿ ನಮ್ಮೂರಲ್ಲಿ ಯಾರಿದ್ದ? ಹತ್ತು ಜನವೂ ಸೇರದೆ ಸೆಕೆಂಡ್ ಶೋ ನಿಂತೇಹೋಯಿತು.

ಆ ರೀಲನ್ನು ಇನ್ನೊಮ್ಮೆ ನೋಡುವ ಆಸೆಗೆ ನಾನು ಮೊದಲ ದಿನವೇ ಹೋಗಿ ಕೂತಿದ್ದೆ. ಹಾರಿಸುವ ರೀಲು ಅದೇ ಎಂದು ನನಗೆ ಹೊಳೆದೇ ಇರಲಿಲ್ಲ. ಟೆಂಟು ತುಂಬಿತ್ತು. ಹೆಣಗಳು ಬಾಗಿಲಿಗೆ ಬಂದು ನಿಂತವು. ಎಲ್ಲರೂ ಉಸಿರು ಹಿಡಿದಿದ್ದರು. ಪರದೆ ಒಮ್ಮೆ ಕಪ್ಪಾಯಿತು, ಬೆಳಕಾದಾಗ ಹೆಣಗಳೆಲ್ಲ ಸಾಲಾಗಿ ವಾಪಸ್ ಹೋಗಿ ತಮ್ಮ ತಮ್ಮ ಗುಂಡಿಯಲ್ಲಿ ಮಲಗುತ್ತಿದ್ದವು. ಮುಗಿಯಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿ ಎದ್ದು ಓಡಿದರು.

ಮರುದಿನ ಕೊಪ್ಪದ ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಅಭಿಪ್ರಾಯ: "ಬಂದ್ವು, ಹೋದ್ವು." ಆ ಸಿನಿಮಾಕ್ಕೆ ಅದೇ ಹೆಸರಾಯಿತು. ನೋಡದವರೂ ಹೇಳಿದರು. ಮೊದಲನೆಯದರ ಕಾಲುಧೂಳಿಗೂ ಸಮವಲ್ಲ ಎಂದು ನಮ್ಮ ಟೈಪಿಂಗ್ ಮಾಸ್ತರರು ತೀರ್ಪು ಕೊಟ್ಟರು. ಅವರು ಮೊದಲನೆಯದನ್ನೂ ನೋಡಿರಲಿಲ್ಲ. ಹತ್ತು ನಿಮಿಷ ಕತ್ತರಿಸಿದ್ದನ್ನು ನೋಡಿ ಇಡೀ ಸಿನಿಮಾಕ್ಕೆ ಮಂಗಳಾರತಿ ಮಾಡಿದ ಆ ಊರಿನ ಮೇಲೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆದರೆ ಪೂರ್ತಿ ಹೇಳುತ್ತೇನೆ, ಅರ್ಧ ಹೇಳಿ ನಿಲ್ಲಿಸಿದರೆ ನಾನೂ ಅದೇ ಜಾತಿಯವನಾದೇನು. ಅವತ್ತು ಬೆಳಿಗ್ಗೆ ಸಾಹೇಬರು ಮಾಸ್ತರರ ಸ್ಟೌ ರಿಪೇರಿ ಮಾಡಿ ಕೊಡಲು ಮಾಳಿಗೆಗೆ ಬಂದರು. ಅವರ ಹಿಂದೆಯೇ ಹಿರೇಕೊಡಿಗೆಯ ನಾಲ್ಕು ಜನ ಮೆಟ್ಟಿಲು ಹತ್ತಿ ಬಂದರು. ಕೆಲಸ ಬಿಟ್ಟು, ಹೆಂಗಸರನ್ನು ಕರೆದುಕೊಂಡು ಸಿನಿಮಾಕ್ಕೆ ಬಂದಿದ್ದವರು. ಅವರಲ್ಲಿ ಹಿರಿಯ ಗೌಡರೊಬ್ಬರು ದನಿ ಏರಿಸದೆ ಕೇಳಿದರು:

"ಸಾಹೇಬ್ರೆ, ನಿಮ್ಮ ಮಾತು ನಂಬಿ ಬಂದ್ವಿ. ನೋಡಿದವರು ಹೇಳಿದಾರೆ ಅಂದ್ರಲ್ಲ, ಯಾರು ಮಾರಾಯ್ರೆ ಆ ನೋಡಿದವರು?"

ಸಾಹೇಬರು ಒಂದು ಸಲ ನನ್ನ ಕಡೆ ನೋಡಿದರು. ಬೆರಳು ತೋರಿಸಲಿಲ್ಲ, ಹೆಸರು ಹೇಳಲಿಲ್ಲ, ಸುಮ್ಮನೆ ನೋಡಿ ಕಾದರು. ನಾನು ಎದ್ದು ನಿಂತು, ನಾನೇ, ನಿಮಗೆ ಒಂದು ರೀಲು ತೋರಿಸಲಿಲ್ಲ, ಅದರಲ್ಲಿ ಹೀಗಿತ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾಸ್ತರರು ಎದುರಿಗೇ ಇದ್ದರು. ಹೆಣದ ಸಿನಿಮಾ ನೋಡಿ ಅತ್ತವನು ಎಂದು ಆರು ತಿಂಗಳು ಆಡಿಕೊಳ್ಳುತ್ತಾರೆ ಎಂದು ಹೆದರಿದೆ. ತಲೆ ತಗ್ಗಿಸಿ ಟೈಪ್‌ರೈಟರನ್ನು ಕುಟ್ಟತೊಡಗಿದೆ. ಏನು ಕುಟ್ಟಿದೆನೋ ದೇವರಿಗೇ ಗೊತ್ತು.

"ಯಾರೂ ಅಲ್ಲ" ಎಂದರು ಸಾಹೇಬರು. "ನಂದೇ ತಪ್ಪು."

ಮೂರನೇ ದಿನ ಸಿನಿಮಾ ಎತ್ತಿದರು. ಆಮೇಲೆಯೂ ಸಾಹೇಬರು ಮೈಕ್ ಹಿಡಿದರು, ಟೆಂಟು ಮುಚ್ಚುವವರೆಗೂ ಹಿಡಿದರು. ಆದರೆ ಎಷ್ಟೇ ಒಳ್ಳೆಯ ಸಿನಿಮಾ ಬಂದರೂ ಹೆಸರು, ಆಟದ ಹೊತ್ತು, ಅಷ್ಟೇ. ಆ ಕೊನೆಯ ಮಾತನ್ನು ಮತ್ತೆ ಯಾವತ್ತೂ ಕೂಗಲಿಲ್ಲ. ನಾನು ಅವರ ಅಂಗಡಿಯ ಮುಂದಿನ ರಸ್ತೆ ಬಿಟ್ಟು ಸುತ್ತುದಾರಿ ಹಿಡಿದೆ. ಆಮೇಲೆ ಕೆಲಸ ಸಿಕ್ಕಿ ಊರನ್ನೇ ಬಿಟ್ಟೆ.

ಮೊಬೈಲಿನ ಜೊತೆ ಜಗಳವಾಡಿದ ವಾರದಲ್ಲೇ ಬಾಳೆಹೊನ್ನೂರಿಗೆ ಹೋದೆ. ಸಾಹೇಬರು ಅಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಗೊತ್ತಿತ್ತು. ಎಂಬತ್ತು ದಾಟಿದೆ, ಕಣ್ಣು ಮಂದ, ನೆನಪು ಚುರುಕು. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಅವತ್ತು ನಾನು ಬಾಯಿ ಬಿಡಲಿಲ್ಲ, ನಿಮ್ಮ ಮಾತು ಹೋಯಿತು, ತಪ್ಪಾಯಿತು ಎಂದೆ. ಅವರು ನಕ್ಕುಬಿಟ್ಟರು.

"ನೀವು ಸುಳ್ಳು ಹೇಳಿದ್ರಿ ಅಂತ ನಾನು ಅಂದ್ಕೊಂಡೇ ಇಲ್ಲ. ಪಾಪ, ಈ ಹುಡುಗನಿಗೆ ಸಿನಿಮಾ ಅಂದ್ರೆ ಎಂತ ಅಂತ ಗೊತ್ತಾಗಲ್ಲ ಅಂದ್ಕೊಂಡೆ." ಆಮೇಲೆ ನನ್ನ ಕಡೆ ವಾಲಿ ಕೇಳಿದರು: "ಹೆಣದ ಸಿನಿಮಾದಲ್ಲಿ ಅಳುವ ರೀಲು ಇರತ್ತೆ ಅಂತ ನಂಗೆ ತಲೆಗೇ ಹೋಗಿಲ್ಲ. ನಾನೂ ಫಸ್ಟ್ ಶೋದಲ್ಲೇ ನೋಡಿದ್ದು. ಎಂತ ಇತ್ತು ಅದ್ರಲ್ಲಿ?"

ಹೇಳಿದೆ. ಊರಿನವರು ಗೋರಿಗಳಿದ್ದ ಜಾಗವನ್ನು ಉತ್ತು ಗದ್ದೆ ಮಾಡಿಬಿಟ್ಟಿರುತ್ತಾರೆ. ಮಲಗಲು ಜಾಗವಿಲ್ಲದೆ ಸತ್ತವರೆಲ್ಲ ತಮ್ಮ ತಮ್ಮ ಮನೆಗೆ ಬಂದಿರುತ್ತಾರೆ. ಕಚ್ಚುವುದಕ್ಕಲ್ಲ, ಬೇರೆಲ್ಲಿಗೆ ಹೋಗಬೇಕೋ ತಿಳಿಯದೆ. ಎಲ್ಲರೂ ಬಾಗಿಲು ಹಾಕಿ ಕೂತಿರುವಾಗ ಒಬ್ಬ ಮುದುಕ ಮಾತ್ರ ಎದ್ದು ಅಗುಳಿ ತೆಗೆಯುತ್ತಾನೆ. ಹೊರಗೆ ಅವನ ಸತ್ತ ಹೆಂಡತಿ. ಎಷ್ಟು ಹೊತ್ತಿಂದ ನಿಂತಿದೀಯ, ಒಳಗೆ ಬಾ, ಎನ್ನುತ್ತಾನೆ. ಅದನ್ನು ನೋಡಿದ ಊರಿನವರು ಆ ನೆಲವನ್ನು ಬಿಟ್ಟುಕೊಡುತ್ತಾರೆ. ಅದಕ್ಕೇ ಸತ್ತವರು ವಾಪಸ್ ಹೋಗುವುದು.

ಸಾಹೇಬರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿದೆ ಎಂದು ಮಗಳು ಬಾಗಿಲಲ್ಲೇ ಹೇಳಿದ್ದಳು. ಅವರು ಕೆನ್ನೆ ಒರೆಸಿಕೊಂಡು ಹೇಳಿದರು:

"ಅವತ್ತೇ ಹೇಳ್ಬಾರ್ದಿತ್ತಾ ಮಾರಾಯ್ರೆ. ಜೀಪು ತಗೊಂಡು ಹೋಗಿ ಆ ರೀಲಲ್ಲಿ ಇದ್ದಿದ್ದನ್ನ ನಾನೇ ಮೈಕಲ್ಲಿ ಹೇಳ್ತಿದ್ದೆ. ಊರೂರಿಗೂ."